ಸಿ ಡ್ರೈವ್ ತುಂಬಿದಾಗ ಯಾವ ಕಡತಗಳನ್ನು ಸಾಗಿಸಬಹುದು, ಯಾವುದನ್ನು ಮುಟ್ಟಬಾರದು?

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ 256 ಜಿಬಿಯ ಎಸ್‌ಎಸ್‌ಡಿ, 1 ಟಿಬಿಯ ಹಾರ್ಡ್ ಡಿಸ್ಕ್ ಮತ್ತು 16 ಜಿಬಿ ರ‍್ಯಾಮ್ ಇವೆ. ವಿಂಡೋಸ್ 11 ಎಸ್‌ಎಸ್‌ಡಿಯಲ್ಲಿದೆ. ಸಿ ಡ್ರೈವಿನಲ್ಲಿ ಈಗ ಉಳಿದಿರುವುದು 9 ಜಿಬಿ ಮಾತ್ರ. ಡಿ ಡ್ರೈವ್ ಹೆಚ್ಚುಕಡಿಮೆ ಖಾಲಿಯೇ ಇದೆ. ವಿಂಡೋಸ್ ಫೋಲ್ಡರ್, ಪ್ರೋಗ್ರಾಂ ಫೈಲ್ಸ್, ಪೇಜ್‌ಫೈಲ್ ಇವುಗಳನ್ನು ಡಿ ಡ್ರೈವಿಗೆ ಸಾಗಿಸಬಹುದೇ? ಪೇಜ್‌ಫೈಲ್ ಇದ್ದರೆ ಎಸ್‌ಎಸ್‌ಡಿ ಬೇಗ ಸವೆಯುತ್ತದೆ ಎಂಬುದು ನಿಜವೇ?

ಉತ್ತರ: ವಿಂಡೋಸ್ ಫೋಲ್ಡರನ್ನೂ ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನೂ ದಯವಿಟ್ಟು ಕದಲಿಸಬೇಡಿ. ಪೇಜ್‌ಫೈಲನ್ನು ಬೇರೆ ಡ್ರೈವಿಗೆ ಸಾಗಿಸಲು ವಿಂಡೋಸಿನಲ್ಲಿಯೇ ಅನುಕೂಲವಿದೆ, ಆದರೆ ನಿಮ್ಮ ಕಂಪ್ಯೂಟರಿನ ಮಟ್ಟಿಗೆ ಅದೂ ಬೇಡ. ಹಾಗೆಂದು ಸಿ ಡ್ರೈವಿನಲ್ಲಿ ಜಾಗ ಮಾಡಿಕೊಳ್ಳಲು ದಾರಿಯೇ ಇಲ್ಲವೆಂದಲ್ಲ. ಸಾಗಿಸಬೇಕಾದ ಕಡತಗಳು ಬೇರೆ ಇವೆ.

ಕಡತವೊಂದು ಎಲ್ಲಿರಬೇಕೆಂದು ತೀರ್ಮಾನಿಸುವಾಗ, ಅದರ ಗಾತ್ರ ಎಷ್ಟೆಂದು ನೋಡುವ ಮೊದಲು ಅದು ಯಾರ ಲೆಕ್ಕದಲ್ಲಿದೆ ಎಂದು ಕೇಳಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ನೀವು ತೆಗೆದ ಫೋಟೋ ನಿಮ್ಮ ಲೆಕ್ಕದ್ದು. ಅದನ್ನು ಎಲ್ಲಿಗೆ ಒಯ್ದರೂ ಕೇಳುವವರಿಲ್ಲ. ತಂತ್ರಾಂಶವೊಂದರ ಕಡತಗಳು ಅದರ ಇನ್‌ಸ್ಟಾಲರ್ ಬರೆದಿಟ್ಟ ಲೆಕ್ಕದಲ್ಲಿರುತ್ತವೆ. ಆಪರೇಟಿಂಗ್ ಸಿಸ್ಟಂನ ಕಡತಗಳ ಲೆಕ್ಕವನ್ನು ಆಪರೇಟಿಂಗ್ ಸಿಸ್ಟಮ್ಮೇ ಇಟ್ಟುಕೊಂಡು, ತಿಂಗಳು ತಿಂಗಳೂ ಬರುವ ಅಪ್‌ಡೇಟುಗಳನ್ನು ಆ ಲೆಕ್ಕದ ಆಧಾರದ ಮೇಲೆಯೇ ಜೋಡಿಸುತ್ತದೆ. ಯಾರು ಲೆಕ್ಕ ಇಟ್ಟಿದ್ದಾರೋ ಅವರ ಮೂಲಕವೇ ಸಾಗಿಸಿದರೆ ತೊಂದರೆಯಿಲ್ಲ. ಅವರಿಗೆ ತಿಳಿಯದಂತೆ ಎಕ್ಸ್‌ಪ್ಲೋರರ್‌ನಲ್ಲಿ ಕಟ್ ಮಾಡಿ ಪೇಸ್ಟ್ ಮಾಡಿದಾಗ ಕಡತಗಳು ಹಾಳಾಗದಿದ್ದರೂ ಲೆಕ್ಕ ತಪ್ಪುತ್ತದೆ, ಮತ್ತು ಅದರ ಪರಿಣಾಮ ಕಾಣಿಸಿಕೊಳ್ಳುವುದು ಎಷ್ಟೋ ದಿನಗಳ ಮೇಲೆ.

ಈ ಮಾತನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ, ಜಾಗದ ಅಭಾವದಿಂದಲೇ, ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನ ವಿಳಾಸವನ್ನು ಸಿ ಡ್ರೈವಿನಿಂದ ಡಿ ಡ್ರೈವಿಗೆ ಬದಲಾಯಿಸಿದ್ದೆ. ಕೆಲವು ತಿಂಗಳು ಎಲ್ಲವೂ ಸರಿಯಾಗಿಯೇ ನಡೆಯಿತು. ಆಮೇಲೆ ಕೆಲವು ತಂತ್ರಾಂಶಗಳ ಅರ್ಧ ಭಾಗ ಸಿ ಡ್ರೈವಿನಲ್ಲಿಯೂ ಉಳಿದರ್ಧ ಡಿ ಡ್ರೈವಿನಲ್ಲಿಯೂ ಇರುವುದು ಗಮನಕ್ಕೆ ಬಂತು. ಒಂದು ದೊಡ್ಡ ಅಪ್‌ಡೇಟ್ ಪ್ರತಿ ಸಲವೂ ಅರ್ಧಕ್ಕೆ ನಿಂತು ಹಿಂದಕ್ಕೆ ಹೋಗತೊಡಗಿತು. ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಬೇಕಾಯಿತು. ರಿಜಿಸ್ಟ್ರಿಯ ಆ ಮೌಲ್ಯವನ್ನು ಬದಲಾಯಿಸಿ ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನು ಬೇರೆಡೆ ಇಡುವುದಕ್ಕೆ ತನ್ನ ಬೆಂಬಲವಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿರುವುದನ್ನು ನಾನು ಓದಿದ್ದು ಅದೆಲ್ಲ ಮುಗಿದ ಮೇಲೆ.

ವಿಂಡೋಸ್ ಫೋಲ್ಡರಿನೊಳಗೆ ಇಣುಕಿದವರ ಕಣ್ಣಿಗೆ ಮೊದಲು ಬೀಳುವುದು ವಿನ್‌ಎಸ್‌ಎಕ್ಸ್‌ಎಸ್ ಎಂಬ ಉಪಫೋಲ್ಡರ್. ಅದರ ಪ್ರಾಪರ್ಟೀಸ್ ತೆರೆದರೆ ಹಲವು ಜಿಬಿಗಳ ಗಾತ್ರ ಕಾಣುತ್ತದೆ, ಅಳಿಸಿಬಿಡೋಣ ಎನಿಸುತ್ತದೆ. ಅಲ್ಲಿ ಕಾಣುವ ಸಂಖ್ಯೆ ನಿಜವಾದ ಗಾತ್ರವಲ್ಲ. ವಿಂಡೋಸಿನ ಘಟಕಗಳೆಲ್ಲ ಆ ಉಗ್ರಾಣದಲ್ಲಿದ್ದು, ಸಿಸ್ಟಂ32 ಮೊದಲಾದ ಕಡೆ ಕಾಣುವ ಬಹುಪಾಲು ಕಡತಗಳು ಅದೇ ಕಡತಗಳ ಇನ್ನೊಂದು ಹೆಸರು ಮಾತ್ರ ಆಗಿರುತ್ತವೆ. ಇದಕ್ಕೆ ಹಾರ್ಡ್ ಲಿಂಕ್ ಎನ್ನುತ್ತಾರೆ. ಡಿಸ್ಕಿನಲ್ಲಿ ಒಂದೇ ಕಡತವಿದ್ದರೂ ಎಕ್ಸ್‌ಪ್ಲೋರರ್ ಅದನ್ನು ಎರಡು ಕಡೆಯೂ ಎಣಿಸುತ್ತದೆ. ಹಾರ್ಡ್ ಲಿಂಕ್ ಒಂದು ಡ್ರೈವಿನ ಗಡಿಯನ್ನು ದಾಟಲಾರದು. ಆದ್ದರಿಂದ ಈ ಉಗ್ರಾಣವನ್ನು ಡಿ ಡ್ರೈವಿಗೆ ಒಯ್ಯುವ ಮಾತೇ ಬರುವುದಿಲ್ಲ. ಅಲ್ಲಿ ಸೇರಿಕೊಂಡಿರುವ ಹಳೆಯ ಅಪ್‌ಡೇಟುಗಳನ್ನು ತೆಗೆಯಲು ಡಿಸ್ಕ್ ಕ್ಲೀನಪ್ ತೆರೆದು, ಸಿಸ್ಟಂ ಕಡತಗಳನ್ನು ಶುಚಿಗೊಳಿಸುವ ಗುಂಡಿಯನ್ನು ಒತ್ತಿ, ವಿಂಡೋಸ್ ಅಪ್‌ಡೇಟ್ ಕ್ಲೀನಪ್ ಎಂಬುದನ್ನು ಆರಿಸಿಕೊಳ್ಳಿ. ದೊಡ್ಡ ಅಪ್‌ಗ್ರೇಡ್ ಆದ ಮೇಲೆ ಉಳಿಯುವ ವಿಂಡೋಸ್.ಓಲ್ಡ್ ಫೋಲ್ಡರನ್ನು ವಿಂಡೋಸ್ ಸಾಮಾನ್ಯವಾಗಿ 10 ದಿನಗಳಲ್ಲಿ ತಾನೇ ಅಳಿಸುತ್ತದೆ.

ಇನ್ನು ಪೇಜ್‌ಫೈಲಿನ ವಿಷಯ. ರ‍್ಯಾಮಿನಲ್ಲಿ ಸದ್ಯಕ್ಕೆ ಬೇಡವಾದದ್ದನ್ನು ತೆಗೆದಿಡುವ ಈ ಕಡತದಿಂದ ಚಿಕ್ಕ ಚಿಕ್ಕ ತುಣುಕುಗಳನ್ನು ಮತ್ತೆ ಮತ್ತೆ ಓದಬೇಕಾಗುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅದರ ಅರ್ಧದಷ್ಟು ಕಾಯಬೇಕು. ಮುಳ್ಳು ಸರಿಯಾದ ಪಥಕ್ಕೆ ಸರಿಯುವ ಸಮಯ ಇದರ ಮೇಲೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ, ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಕೆಲಸ ಮುಗಿದಿರುತ್ತದೆ. ವಿಂಡೋಸ್ 7 ಸಿದ್ಧವಾಗುತ್ತಿದ್ದ ಕಾಲದಲ್ಲಿ, 2009ರಲ್ಲಿ, ಅದರ ತಂತ್ರಜ್ಞರು ಪ್ರಕಟಿಸಿದ ಮಾಹಿತಿಯ ಪ್ರಕಾರ ಪೇಜ್‌ಫೈಲಿನಿಂದ ಓದುವುದು ಅದಕ್ಕೆ ಬರೆಯುವುದಕ್ಕಿಂತ ಸುಮಾರು 40 ಪಟ್ಟು ಹೆಚ್ಚು. ಎಸ್‌ಎಸ್‌ಡಿ ಸವೆಯುವುದು ಬರೆಯುವುದರಿಂದಲೇ ಹೊರತು ಓದುವುದರಿಂದ ಅಲ್ಲ. ಹಾಗಾಗಿ ಎಸ್‌ಎಸ್‌ಡಿಗೆ ಪೇಜ್‌ಫೈಲಿನಷ್ಟು ಒಪ್ಪುವ ಕಡತ ಇನ್ನೊಂದಿಲ್ಲವೆಂದೇ ಅವರ ಸಲಹೆಯೂ ಇತ್ತು.

ಸವೆತದ ಭಯವನ್ನು ಒಂದು ಸಣ್ಣ ಲೆಕ್ಕದಿಂದ ಕಳೆದುಕೊಳ್ಳಬಹುದು. ಒಂದು ಎಸ್‌ಎಸ್‌ಡಿಗೆ ಒಟ್ಟು 150 ಟಿಬಿಯಷ್ಟು ಬರೆಯಬಹುದೆಂದು ತಯಾರಕರು ಭರವಸೆ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಅದನ್ನು 10 ವರ್ಷಗಳಿಗೆ ಹಂಚಿದರೆ ದಿನಕ್ಕೆ ಸುಮಾರು 41 ಜಿಬಿ ಆಗುತ್ತದೆ. ಪತ್ರ ಬರೆಯುವುದು, ಜಾಲತಾಣ ನೋಡುವುದು, ಫೋಟೋ ತಿದ್ದುವುದು ಇಷ್ಟೇ ಬಳಕೆಯಿದ್ದರೆ ದಿನನಿತ್ಯ ಇಷ್ಟು ಬರೆಯುವ ಪ್ರಸಂಗ ಬರುವುದು ಅಪರೂಪ. ಜೊತೆಗೆ, ವಿಂಡೋಸ್ ನೀಲಿ ಪರದೆ ತೋರಿಸಿ ನಿಂತಾಗ ಕಾರಣವನ್ನು ದಾಖಲಿಸಲು ಸಾಮಾನ್ಯವಾಗಿ ಸಿಸ್ಟಂ ಡ್ರೈವಿನಲ್ಲಿರುವ ಪೇಜ್‌ಫೈಲನ್ನೇ ಬಳಸುತ್ತದೆ. ಅದನ್ನು ಸಂಪೂರ್ಣವಾಗಿ ಬೇರೆಡೆಗೆ ಸಾಗಿಸಿದವರಿಗೆ ಆ ದಾಖಲೆ ಸಿಗದೆ ಹೋಗಬಹುದು.

ನಿಜವಾಗಿ ಜಾಗ ಉಳಿಸಿಕೊಡಬಲ್ಲ ಸಿಸ್ಟಂ ಕಡತ ಹೈಬರ್‌ಫಿಲ್. ಕಂಪ್ಯೂಟರನ್ನು ಹೈಬರ್ನೇಟ್ ಸ್ಥಿತಿಗೆ ಕಳಿಸಿದಾಗ ರ‍್ಯಾಮಿನಲ್ಲಿದ್ದದ್ದನ್ನು ಸಂಕುಚಿಸಿ ಇದರಲ್ಲಿ ಬರೆದಿಡಲಾಗುತ್ತದೆ. ಪೂರ್ಣ ರೂಪದಲ್ಲಿ ಇದರ ಗಾತ್ರ ಸಾಮಾನ್ಯವಾಗಿ ರ‍್ಯಾಮಿನ ಶೇ 40ರಷ್ಟು, ಅಂದರೆ ನಿಮ್ಮಲ್ಲಿ 6 ಜಿಬಿಗಿಂತ ಹೆಚ್ಚು. ಇದನ್ನು ಬೇರೆ ಡ್ರೈವಿಗೆ ಸಾಗಿಸಲು ಬರುವುದಿಲ್ಲ, ಆದರೆ ಬೇಡವೆಂದು ಹೇಳಬಹುದು. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ ಆದೇಶದ ಮೂಲಕ ಹೈಬರ್ನೇಟ್ ಸೌಲಭ್ಯವನ್ನು ಆಫ್ ಮಾಡಿದರೆ ವಿಂಡೋಸ್ ತಾನೇ ಈ ಕಡತವನ್ನು ತೆಗೆದುಹಾಕುತ್ತದೆ. ಬೇಗ ಶುರುವಾಗಲು ನೆರವಾಗುವ ಫಾಸ್ಟ್ ಸ್ಟಾರ್ಟಪ್ ಕೂಡ ಇದರೊಂದಿಗೆ ನಿಲ್ಲುತ್ತದೆ. ಎಸ್‌ಎಸ್‌ಡಿ ಇರುವಾಗ ಆ ವ್ಯತ್ಯಾಸ ನನಗೆ ದೊಡ್ಡದೆನಿಸಿಲ್ಲ. ಆದರೆ ಲ್ಯಾಪ್‌ಟಾಪ್ ಬಳಸುವವರು, ಬ್ಯಾಟರಿ ಮುಗಿಯುತ್ತಾ ಬಂದಾಗ ತೆರೆದಿದ್ದ ಕೆಲಸವನ್ನು ಕಾಪಾಡುವುದು ಇದೇ ಆದ್ದರಿಂದ, ಇದರ ಗೊಡವೆಗೆ ಹೋಗದಿರುವುದು ಲೇಸು.

ಉಳಿದದ್ದೆಲ್ಲ ನಿಮ್ಮ ಲೆಕ್ಕದ ಕಡತಗಳು. ದೊಡ್ಡ ಉಳಿತಾಯ ಆಗುವುದೂ ಇಲ್ಲಿಯೇ. ಡೌನ್‌ಲೋಡ್ಸ್, ಪಿಕ್ಚರ್ಸ್, ವಿಡಿಯೋಸ್ ಈ ಫೋಲ್ಡರುಗಳನ್ನು ವಿಂಡೋಸ್‌ಗೆ ತಿಳಿಸಿಯೇ ಸಾಗಿಸಬಹುದು. ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆದು, ಲೊಕೇಶನ್ ಎಂಬ ಪುಟಕ್ಕೆ ಹೋಗಿ ಮೂವ್ ಒತ್ತಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಡಿ ಡ್ರೈವಿನೊಳಗೆ ವಿಡಿಯೋಸ್ ಎಂಬ ಹೊಸ ಫೋಲ್ಡರನ್ನು ಮೊದಲೇ ಮಾಡಿಕೊಂಡು ಅದನ್ನೇ ಆರಿಸಬೇಕು. ಅವಸರದಲ್ಲಿ ಡಿ ಡ್ರೈವನ್ನೇ ಆರಿಸಿದರೆ ಇಡೀ ಡ್ರೈವ್ ವಿಡಿಯೋಸ್ ಫೋಲ್ಡರ್ ಆಗಿಬಿಡುತ್ತದೆ, ಅದನ್ನು ಹಿಂದಿನ ಸ್ಥಿತಿಗೆ ತರುವುದು ಬಲು ಕಷ್ಟ. ಆಟಗಳನ್ನು ಅವುಗಳ ಲಾಂಚರ್‌ನಲ್ಲಿರುವ ವ್ಯವಸ್ಥೆಯಿಂದಲೇ ಸಾಗಿಸಿ. ದೊಡ್ಡ ತಂತ್ರಾಂಶಗಳನ್ನು ಅನ್‌ಇನ್‌ಸ್ಟಾಲ್ ಮಾಡಿ, ಮರಳಿ ಹಾಕುವಾಗ ಡಿ ಡ್ರೈವನ್ನು ಸೂಚಿಸಿ. ತಂತ್ರಾಂಶಗಳು ತಮ್ಮ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ಆ್ಯಪ್‌ಡೇಟಾ ಫೋಲ್ಡರನ್ನು ಅದರ ಪಾಡಿಗೆ ಬಿಡಿ.

ನಿಮ್ಮ 256 ಜಿಬಿಯ ಡ್ರೈವನ್ನು ವಿಂಡೋಸ್ 238 ಜಿಬಿ ಎಂದು ತೋರಿಸುತ್ತಿರಬೇಕು. ಅದು ದೋಷವಲ್ಲ, ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದರೆ ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅದರಲ್ಲಿ ಐದನೇ ಒಂದು ಭಾಗವನ್ನಾದರೂ ಖಾಲಿ ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ. ಅಪ್‌ಡೇಟುಗಳಿಗೂ ಜಾಗ ಬೇಕು, ತುಂಬಿಹೋದ ಎಸ್‌ಎಸ್‌ಡಿಯಲ್ಲಿ ಬರೆಯುವ ವೇಗವೂ ತಗ್ಗುತ್ತದೆ.

ಪ್ರಶ್ನೆ: ಹೊಸ ಡಿಸ್ಕಿನಲ್ಲಿ ಲಿನಕ್ಸ್ ಹಾಕುತ್ತಿದ್ದೇನೆ. ಯುಎಸ್‌ಆರ್, ವಾರ್, ಹೋಮ್ ಎಂಬ ಫೋಲ್ಡರುಗಳಿಗೆ ಬೇರೆ ಬೇರೆ ಪಾರ್ಟಿಷನ್ (ಡಿಸ್ಕಿನ ಪ್ರತ್ಯೇಕ ಭಾಗ) ಮಾಡಬೇಕೆಂದು ಹಳೆಯ ಪುಸ್ತಕವೊಂದರಲ್ಲಿ ಓದಿದೆ. ಈಗಲೂ ಅದು ಸರಿಯೇ?

ಉತ್ತರ: ಮನೆಯ ಕಂಪ್ಯೂಟರಿಗೆ, ನಿಮ್ಮ ಸ್ವಂತ ಕಡತಗಳಿರುವ ಹೋಮ್ ಒಂದನ್ನು ಬೇರೆ ಮಾಡಿದರೆ ಸಾಕು. ಆಗ ಲಿನಕ್ಸನ್ನು ಹೊಸದಾಗಿ ಹಾಕುವಾಗ, ಆ ಪಾರ್ಟಿಷನ್ನನ್ನು ಫಾರ್ಮ್ಯಾಟ್ ಮಾಡದೆ ಬಿಟ್ಟರೆ, ನಿಮ್ಮ ಕಡತಗಳೂ ಸೆಟ್ಟಿಂಗುಗಳೂ ಹಾಗೆಯೇ ಉಳಿಯುತ್ತವೆ. ವಾರ್ ಅನ್ನು ಬೇರ್ಪಡಿಸುವುದು, ಅದರಲ್ಲಿರುವ ಲಾಗ್ ಕಡತಗಳು (ಸಿಸ್ಟಂನಲ್ಲಿ ನಡೆದದ್ದರ ದಾಖಲೆಗಳು) ಉಬ್ಬಿ ಇಡೀ ಡಿಸ್ಕನ್ನು ಆಕ್ರಮಿಸಬಹುದಾದ ಸರ್ವರುಗಳಲ್ಲಿ ಅರ್ಥಪೂರ್ಣ.

ಯುಎಸ್‌ಆರ್ ಬೇರೆಯಾದ ಕಥೆಯನ್ನು ತಿಳಿದರೆ ನಿಮ್ಮ ಪುಸ್ತಕದ ಸಲಹೆ ಎಲ್ಲಿಂದ ಬಂತೆಂದು ಅರ್ಥವಾಗುತ್ತದೆ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ, ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸನ್ನು ಪಿಡಿಪಿ-11 ಯಂತ್ರದ ಮೇಲೆ ಬೆಳೆಸುತ್ತಿದ್ದಾಗ ಅವರಲ್ಲಿದ್ದ ಡಿಸ್ಕುಗಳು ತೀರ ಚಿಕ್ಕವು. ಬಳಕೆದಾರರ ಕಡತಗಳಿಗೆಂದು ಇದ್ದ ಜಾಗವೇ ಯುಎಸ್‌ಆರ್. ಮೊದಲ ಡಿಸ್ಕಿನಲ್ಲಿ ಜಾಗ ಸಾಲದೆ ಬಂದಾಗ ಸಿಸ್ಟಂನ ಪ್ರೋಗ್ರಾಮುಗಳೂ ಅಲ್ಲಿಗೆ ಹರಿದವು. ಒಂದೇ ಬಗೆಯ ಪ್ರೋಗ್ರಾಮುಗಳಿಗೆ ಎರಡು ಬಿನ್ ಫೋಲ್ಡರುಗಳಾದವು. ಡಿಸ್ಕುಗಳು ದೊಡ್ಡವಾದ ಮೇಲೂ ಆ ಗೆರೆ ದಶಕಗಳ ಕಾಲ ಉಳಿಯಿತು, ಅದಕ್ಕೆ ಹೊಸ ಹೊಸ ಸಮರ್ಥನೆಗಳೂ ಹುಟ್ಟಿಕೊಂಡವು. 2012ರಲ್ಲಿ ಫೆಡೋರಾ 17 ಎಂಬ ಲಿನಕ್ಸ್ ಆವೃತ್ತಿ ಆ ಎರಡೂ ಬಿನ್‌ಗಳನ್ನು ಯುಎಸ್‌ಆರ್‌ನೊಳಗೆ ಒಂದುಗೂಡಿಸಿತು. ಇಂದು ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಸಹ ಅದೇ ದಾರಿಯಲ್ಲಿದೆ. ಹೀಗಿರುವಾಗ ಸಿಸ್ಟಂ ಶುರುವಾಗುವ ಕ್ಷಣದಿಂದಲೇ ಬೇಕಾಗುವ ಯುಎಸ್‌ಆರ್ ಅನ್ನು ಬೇರೆ ಪಾರ್ಟಿಷನ್ನಿನಲ್ಲಿಟ್ಟು ತೊಡಕು ಮಾಡಿಕೊಳ್ಳಲು ಕಾರಣವಿಲ್ಲ.

ಪ್ರಶ್ನೆ: ನನ್ನಲ್ಲಿರುವುದು 512 ಜಿಬಿಯ ಒಂದೇ ಎಸ್‌ಎಸ್‌ಡಿ. ವಿಂಡೋಸ್‌ಗೆ ಸಿ, ನನ್ನ ಕಡತಗಳಿಗೆ ಡಿ ಎಂದು ಎರಡಾಗಿ ಒಡೆಯಬೇಕೇ?

ಉತ್ತರ: ಬೇಕಾಗಿಲ್ಲ. ಒಂದೇ ಎಸ್‌ಎಸ್‌ಡಿಯನ್ನು ಒಡೆಯುವುದರಿಂದ ವೇಗ ಹೆಚ್ಚುವುದಿಲ್ಲ, ಎಸ್‌ಎಸ್‌ಡಿ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಇಂದು ನೀವು ಅಂದಾಜಿನ ಮೇಲೆ 100 ಜಿಬಿ ಎಂದು ಗೆರೆ ಎಳೆದರೆ, ಕೆಲವು ವರ್ಷಗಳಲ್ಲಿ ಡಿ ಖಾಲಿಯಿದ್ದೂ ಸಿ ತುಂಬಿ, ಮೊದಲ ಪ್ರಶ್ನೆ ಕೇಳಿದವರ ಸ್ಥಿತಿಗೆ ಬರುತ್ತೀರಿ. ವಿಂಡೋಸನ್ನು ಆಗಾಗ ಅಳಿಸಿ ಹಾಕುವ ಅಭ್ಯಾಸವಿದ್ದರೆ ಒಡೆಯಬಹುದು, ಆಗ ಸಿ ಡ್ರೈವಿಗೆ 200 ಜಿಬಿಯನ್ನಾದರೂ ಕೊಡಿ. ವಿಂಡೋಸ್ ತನ್ನ ಪಾಡಿಗೆ ಮಾಡಿಕೊಂಡಿರುವ, ಡ್ರೈವ್ ಅಕ್ಷರವಿಲ್ಲದ ಚಿಕ್ಕ ಪಾರ್ಟಿಷನ್ನುಗಳನ್ನು ಮಾತ್ರ ಅಳಿಸಬೇಡಿ. ಅವುಗಳಲ್ಲಿ ಒಂದರಿಂದ ಕಂಪ್ಯೂಟರ್ ಶುರುವಾಗುತ್ತದೆ, ಇನ್ನೊಂದರಲ್ಲಿ ದುರಸ್ತಿಯ ಸಲಕರಣೆಗಳಿರುತ್ತವೆ.