ಆ ಕರುವಿನ ಅಪ್ಪ ಯಾರು?

ಪ್ರ: ನಮ್ಮೂರಲ್ಲಿ ಸುಮಾರು 50 ದೇವಣಿ ತಳಿಯ ಆಕಳುಗಳಿವೆ. ಹೋರಿ ಮಾತ್ರ ಒಂದೇ, ನೋಡಲು ಭರ್ಜರಿ. ಈಗ ಅದರ ಮಗಳೇ ಬೆದೆಗೆ ಬಂದಿದೆ. ಅದೇ ಹೋರಿ ಕೊಡಿಸಬಹುದಾ? ಹಾಗೆ ಮಾಡಿದರೆ ತಳಿ ಶುದ್ಧ ಉಳಿಯುತ್ತದೆ ಅನ್ನುತ್ತಾರೆ ಹಿರಿಯರು.
– ಔರಾದ್ ತಾಲ್ಲೂಕಿನ ರೈತರೊಬ್ಬರು

ಉ: ಬೇಡ ರೀ. ತಳಿ ಶುದ್ಧ ಇರುವುದು ಬೇರೆ, ಎಲ್ಲವೂ ಒಂದೇ ರಕ್ತ ಆಗುವುದು ಬೇರೆ. ಪ್ರತಿ ಜೀನ್‌ಗೂ ಎರಡು ಪ್ರತಿ ಇರುತ್ತದೆ, ಅಪ್ಪನದೊಂದು, ಅವ್ವನದೊಂದು. ಹೋರಿಯಲ್ಲಿ ಯಾವುದೋ ದೋಷದ ಜೀನ್ ಒಂದೇ ಪ್ರತಿ ಇದ್ದರೆ ಸಾಮಾನ್ಯವಾಗಿ ಅದಕ್ಕೇನೂ ಆಗುವುದಿಲ್ಲ, ಅಡಗಿ ಕೂತಿರುತ್ತದೆ. ಮಗಳಿಗೂ ಅದು ದಾಟಿದ್ದರೆ, ಇಬ್ಬರಿಗೆ ಹುಟ್ಟುವ ಕರುವಿಗೆ ದೋಷದ ಎರಡೂ ಪ್ರತಿ ಸಿಕ್ಕಿ, ದೋಷ ಹೊರಬೀಳಬಹುದು.

ನನ್ನದೇ ತಪ್ಪು ಹೇಳುತ್ತೇನೆ. ನೌಕರಿಗೆ ಸೇರಿದ ಹೊಸದರಲ್ಲಿ ಬೀದರ್ ಕಡೆಯ ಒಂದು ಊರಿನ ಹೋರಿಗೆ ನಾನೂ ಮರುಳಾಗಿದ್ದೆ. ಬಿಳಿ ಮೈ, ಮುಖದ ಎರಡೂ ಬದಿ ಕಪ್ಪು. ದೇವಣಿಯಲ್ಲಿ ಈ ಬಣ್ಣದ್ದಕ್ಕೆ ವನ್ನೇರ ಅನ್ನುತ್ತಾರೆ, ಅದು ಅಪ್ಪಟ ವನ್ನೇರ. ಅದನ್ನು ಬದಲಿಸಿ ಅಂತ ಬಾಯಿ ಬರಲಿಲ್ಲ. ಏಳೆಂಟು ವರ್ಷದಲ್ಲಿ ಕರುಗಳು ಸಣಕಲಾದವು, ಆಕಳುಗಳು ಗಬ್ಬ ನಿಲ್ಲುವುದು ಕಷ್ಟವಾಯಿತು. ನಾನೋ, ಖನಿಜದ ಪುಡಿ ಬರೆದುಕೊಡುತ್ತಾ ಕೂತೆ! ಕೊನೆಗೆ ಒಬ್ಬ ಅಜ್ಜಿ ಬೆರಳು ಮಡಚುತ್ತಾ, ‘ಇದರ ಅಪ್ಪನೂ ಅದೇ, ಇದರ ಅವ್ವನ ಅಪ್ಪನೂ ಅದೇ ನೋಡ್ರಿ ಡಾಕ್ಟರೇ’ ಅಂದಾಗ ಬೆವರು ಬಂತು. ಊರಿನ ವಂಶಾವಳಿ ಆಕೆಯ ಬೆರಳಲ್ಲಿತ್ತು. ನನ್ನ ರಿಜಿಸ್ಟರಿನಲ್ಲಿ ಇರಲಿಲ್ಲ.

ರಕ್ತದ ಲೆಕ್ಕದಲ್ಲಿ ಊರಲ್ಲಿ ಎಷ್ಟು ದನ ಇದ್ದಂತೆ ಎಂದು ತಿಳಿಯಲು ಒಂದು ಸುಲಭ ಲೆಕ್ಕವಿದೆ. ಹೋರಿ ಸಂಖ್ಯೆಯನ್ನು ಆಕಳ ಸಂಖ್ಯೆಯಿಂದ ಗುಣಿಸಿ, ಮತ್ತೆ 4ರಿಂದ ಗುಣಿಸಿ. ಬಂದದ್ದನ್ನು ಒಟ್ಟು ದನಗಳಿಂದ ಭಾಗಿಸಿ. ನಿಮ್ಮೂರಿಗೆ 200 ಭಾಗ 51, ಅಂದರೆ ಹೆಚ್ಚುಕಡಿಮೆ 4. ಕಣ್ಣಿಗೆ 51 ದನ, ರಕ್ತದ ಲೆಕ್ಕದಲ್ಲಿ ನಾಲ್ಕೇ! 5 ಹೋರಿ ಇದ್ದಿದ್ದರೆ 18 ಆಗುತ್ತಿತ್ತು.

ಆದ್ದರಿಂದ ಮಗಳು ಮತ್ತೆ ಬೆದೆಗೆ ಬರುವ ಮೊದಲೇ ನಿಮ್ಮ ಹೋರಿಯನ್ನು ಬೇರೆ ಊರಿನ ದೇವಣಿ ಹೋರಿಯ ಜೊತೆ ಅದಲುಬದಲು ಮಾಡಿಕೊಳ್ಳಿ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಉದಗೀರ, ದೇವಣಿ ಊರುಗಳು, ಈ ತಳಿಯ ತವರು. ಎರಡು ರೂಪಾಯಿ ಜಾಸ್ತಿ ಹೋದರೂ ಪರವಾಗಿಲ್ಲ. ಕಿವಿ ಬಿಲ್ಲೆಯ 12 ಅಂಕಿ, ಕರು ಹುಟ್ಟಿದ ದಿನ, ಅವ್ವ, ಅಪ್ಪ ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೃತಕ ಗರ್ಭಧಾರಣೆ ಮಾಡಿಸಿದರೆ ವೀರ್ಯದ ಕಡ್ಡಿಯ ಮೇಲೆ ಹೋರಿಯ ನಂಬರ್ ಇರುತ್ತದೆ, ಕಡ್ಡಿ ಎಸೆಯುವ ಮೊದಲು ಅದನ್ನೂ ಬರೆದುಕೊಳ್ಳಿ.

ಪ್ರ: ಅಳಿವಿನಂಚಿನ ಕಾಡುಪ್ರಾಣಿಗಳಿಗೂ ಹೀಗೆ ವಂಶಾವಳಿ ಬರೆಯುತ್ತಾರಂತೆ. ಬರೆದಿಟ್ಟರೆ ಸಾಕಲ್ವಾ ಸರ್, ಡಿಎನ್‌ಎ ಪರೀಕ್ಷೆ ಯಾಕೆ?
– ಕಲಬುರಗಿಯ ವಿದ್ಯಾರ್ಥಿನಿ

ಉ: ಸಾಕಾಗಲ್ಲಮ್ಮ. ಕಾಡಿನಿಂದ ಹಿಡಿದು ತಂದ ಪ್ರಾಣಿಯ ಅಪ್ಪ–ಅವ್ವ ಯಾರೆಂದು ಯಾರು ಹೇಳಬೇಕು? ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ದೊಡ್ಡ ರಣಹದ್ದು 1987ರ ಹೊತ್ತಿಗೆ 27 ಉಳಿದಿತ್ತು. ಎಲ್ಲವನ್ನೂ ಹಿಡಿದು ತಂದು ಮರಿ ಮಾಡಿಸಿದರು. ಯಾವುದಕ್ಕೆ ಯಾವುದು ನೆಂಟ ಎಂದು ತಿಳಿಯಲು ಡಿಎನ್‌ಎಯೇ ಬೇಕಾಯಿತು. ಕೆಲವು ಮರಿಗಳು ಮೂಳೆ ಬೆಳೆಯದೆ ಮೊಟ್ಟೆಯೊಳಗೇ ಸಾಯುತ್ತಿದ್ದವು. ಆ ದೋಷ ಯಾವ ಮನೆತನದ್ದು ಎಂದು ವಂಶಾವಳಿಯಲ್ಲಿ ಹುಡುಕಿ, ಅಂಥ ಜೋಡಿ ಕೂಡಿಸುವುದನ್ನು ತಪ್ಪಿಸಿದರು.

ತಮಾಷೆ ಇನ್ನೂ ಇದೆ. ಹಳೆಯ ಮಾದರಿಗಳನ್ನು ತಾಳೆ ನೋಡುವಾಗ ಎರಡು ಮರಿಗಳಿಗೆ ದಾಖಲೆಯಲ್ಲಿದ್ದ ಯಾವ ಗಂಡೂ ಅಪ್ಪನಲ್ಲ ಎಂದು ಗೊತ್ತಾಯಿತು. ಇದು 2021ರಲ್ಲಿ ಪ್ರಕಟವಾದ ಸಂಗತಿ. ಇದ್ದ ಜೀನ್ ಎಲ್ಲ ಅವ್ವನದೇ. ಗಂಡು ಪಕ್ಕದಲ್ಲೇ ಇದ್ದರೂ ಅವು ಅಪ್ಪನಿಲ್ಲದೆ ಹುಟ್ಟಿದ್ದವು! ನಮ್ಮ ಅಜ್ಜಿಯ ಬೆರಳೆಣಿಕೆಗೂ ಅದು ಸಿಗುತ್ತಿರಲಿಲ್ಲ ಬಿಡಿ.