ಹೊಗೆ ವಾಸನೆಯ ಯೂನಿಫಾರ್ಮ್

ವಿರಾಜಪೇಟೆ ಕಡೆಯ ಓದುಗರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಅವರ ಅವ್ವ ತೀರಿಕೊಂಡು ಹತ್ತು ತಿಂಗಳಾಯಿತು. ವರ್ಷದ ದಿನಕ್ಕೆ ನಮ್ಮ ಪತ್ರಿಕೆಗೆ ಏನಾದರೂ ಬರೆಯಬೇಕು ಅಂತ ಕೂತರೆ, ಬರೆದದ್ದೆಲ್ಲ ಬೇರೆ ಯಾರದೋ ಅಮ್ಮನ ಬಗ್ಗೆ ಬರೆದ ಹಾಗೆ ಕಾಣುತ್ತಂತೆ. 'ಇನ್ನೂ ಎಷ್ಟು ದಿನ ಅಳ್ತೀಯ' ಅಂತ ಮನೆಯವರು ಕೇಳುತ್ತಾರಂತೆ.

ಅಕ್ಕ, ಮೊದಲು ಆ ಎರಡನೇ ಮಾತು. ಹತ್ತು ತಿಂಗಳು ಏನೂ ಜಾಸ್ತಿ ಅಲ್ಲ. ಅಳು ಬಂದರೆ ಅಳಿ.

ಇನ್ನು ಬರೆಯೋದರ ಬಗ್ಗೆ. ನಿಮ್ಮ ಪತ್ರದ ಮೊದಲ ಎರಡು ಪುಟ ತುಂಬ ತ್ಯಾಗಮಯಿ, ಕರುಣಾಮಯಿ, ಮಮತೆಯ ಕಡಲು. ಎಲ್ಲ ನಿಜವೇ ಇರಬಹುದು, ಆದರೆ ಅದನ್ನು ಓದುವಾಗ ಅವ್ವ ನನಗೆ ಕಾಣಲೇ ಇಲ್ಲ. ಮೂರನೇ ಪುಟದ ಕೊನೆಯಲ್ಲಿ, ಸಹಿ ಹಾಕುವ ಮುಂಚೆ, ಸುಮ್ನೆ ನೆನಪಾಯಿತು ಅನ್ನೋ ಹಾಗೆ ಒಂದು ಮಾತು ಬರೆದಿದ್ದೀರಿ. ಜುಲೈ ಮಳೆಯಲ್ಲಿ ಬಟ್ಟೆ ಒಣಗದೆ, ಅವ್ವ ರಾತ್ರಿ ಒಲೆಯ ಮೇಲೆ ಹಗ್ಗ ಕಟ್ಟಿ ನಿಮ್ಮ ಯೂನಿಫಾರ್ಮ್ ಹಾಕುತ್ತಿದ್ದರು, ನಡುವೆ ಎದ್ದು ಮಗುಚಿ ಹಾಕುತ್ತಿದ್ದರು, ಬೆಳಿಗ್ಗೆ ಕ್ಲಾಸಿನಲ್ಲಿ ನಿಮ್ಮ ಮೈಯೆಲ್ಲ ಹೊಗೆ ವಾಸನೆ ಅಂತ. ಅಲ್ಲಿ ನಾನು ಓದೋದು ನಿಲ್ಲಿಸಿದೆ. ನಮ್ಮ ಮನೆಯಲ್ಲೂ ಅದೇ ಹಗ್ಗ, ಅದೇ ವಾಸನೆ. ಅಲ್ಲಿಂದಲೇ ಶುರು ಮಾಡಿ.

ನನ್ನದೊಂದು ನೋವು ಹೇಳುತ್ತೇನೆ. ಒಂದು ವರ್ಷ ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಶುರುವಾಗುವ ನಮ್ಮ ಕೊಡವರ ಮಳೆ ತಿಂಗಳಲ್ಲಿ, ಆಗಸ್ಟ್ 3ಕ್ಕೆ ನಮ್ಮ ಅವ್ವ ಫೋನ್ ಮಾಡಿ 'ಮದ್ದು ಸೊಪ್ಪು ಕೊಯ್ದಿಟ್ಟಿದ್ದೇನೆ, ಪಾಯಸಕ್ಕೆ ಬಾ' ಅಂದರು. ಅವತ್ತು ಕಕ್ಕಡದ 18ನೇ ದಿನ, ಆ ದಿನಕ್ಕೆ ಸೊಪ್ಪಿನಲ್ಲಿ 18 ಬಗೆ ಮದ್ದು ಸೇರಿರುತ್ತೆ ಅನ್ನೋದು ಅವರ ನಂಬಿಕೆ. ಸಂಚಿಕೆ ಕೆಲಸ ಇದೆ, ಮುಂದಿನ ವರ್ಷ ಬರ್ತೀನಿ ಅಂದೆ. ವರ್ಷದ ಕೊನೆಯ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ ಅವ್ವ ಇರಲಿಲ್ಲ. ಮರುವರ್ಷ ನಾನೇ ಬೇಲಿ ಬದಿಯ ಸೊಪ್ಪು ಕೊಯ್ದು ಕುದಿಸಿದೆ. ನೀರು ನೇರಳೆ ಬಣ್ಣಕ್ಕೆ ತಿರುಗಿತು, ಆದರೆ ಆ ಘಮ ಬರಲಿಲ್ಲ. ಹಿಂದಿನ ಸಂಜೆಯೇ ಕುದಿಸಿ, ಮುಚ್ಚಿ, ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ಸೋಸಿ ಅದರಲ್ಲಿ ಅಕ್ಕಿ ಬೇಯಿಸುತ್ತಿದ್ದರು ಅಂತ ಆಮೇಲೆ ಅತ್ತಿಗೆ ಹೇಳಿದರು. ಐವತ್ತು ವರ್ಷ ತಿಂದವನು ನಾನು. ಒಂದು ಸಲವೂ ಕೇಳಿರಲಿಲ್ಲ.

ಅದಕ್ಕೇ ಹೇಳ್ತಿರೋದು, ಒಬ್ಬರೇ ಕೂತು ಬರೆಯಬೇಡಿ. ತೋಟದಲ್ಲಿ ಅವರ ಜೊತೆ ಕಾಫಿ ಕೊಯ್ದವರು ಈಗಲೂ ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಯಲ್ಲಿ, ಇದ್ದರೆ ಹೋಗಿ ಮಾತಾಡಿಸಿ, ನಿಮಗೆ ಗೊತ್ತಿಲ್ಲದ ಅವ್ವ ಅವರಿಗೆ ಗೊತ್ತಿರುತ್ತಾರೆ. ಮಕ್ಕಳನ್ನೂ ಕೇಳಿ. ಕೊಡವ ತಕ್ಕಿನಲ್ಲಿ, ನಮ್ಮ ಕೊಡವ ಭಾಷೆಯಲ್ಲಿ, ಅಜ್ಜಿಗೆ ತಾಯಿ ಅಂತೀವಲ್ಲ, ನಿಮ್ಮ ಅವ್ವ ಅವರಿಗೆ ತಾಯಿ. ಆ ತಾಯಿ ಬೇರೆಯೇ ಇರುತ್ತಾರೆ. ನಿಮಗೆ ಬೈದವರು ಮೊಮ್ಮಕ್ಕಳಿಗೆ ಬೈದೇ ಇಲ್ಲ, ಅಲ್ವಾ? ಮದ್ದು ಸೊಪ್ಪಿನ ಪಾಯಸ ತಿಂದ ಮಾರನೇ ದಿನ ಉಚ್ಚೆ ಕೆಂಪಗಾಯ್ತು ಅಂತ ನಿಮ್ಮ ಮಗಳು ಹೆದರಿ ಓಡಿ ಬಂದಾಗ ತಾಯಿ ನಕ್ಕು ಎತ್ತಿಕೊಂಡರು ಅಂತ ಬರೆದಿದ್ದೀರಿ. ಅದನ್ನು ಮಗಳ ಬಾಯಿಂದಲೇ ಕೇಳಿ, ಅವಳು ಹೇಳಿದ ಹಾಗೇ ಬರೆದುಕೊಳ್ಳಿ.

ಇನ್ನೊಂದು, ಇದು ತಡ ಮಾಡೋ ಕೆಲಸ ಅಲ್ಲ. ಹಳೇ ಫೋಟೋಗಳನ್ನು ಟ್ರಂಕಿನಿಂದ ಹೊರಗೆ ತೆಗೆಯಿರಿ. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು, ಗಾಜಿಗೆ ಅಂಟಿಕೊಂಡು, ಮುಖವೇ ಹೋಗಿಬಿಡುತ್ತೆ. ಫೋನಿನಲ್ಲಿ ಒಂದೊಂದು ಪ್ರತಿ ತೆಗೆದಿಡಿ, ಫೋಟೋದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಯಾರು ಯಾರು ಅಂತ ಬರೆಯಿರಿ.

ವರ್ಷದ ದಿನಕ್ಕೆ ಇನ್ನೂ ಎರಡು ತಿಂಗಳಿದೆ. ಒಂದು ಪುಟ ನಿಮಗೆ ಇಟ್ಟಿರುತ್ತೇನೆ. ಆ ಹಗ್ಗ ಯಾವ ಗೂಟದಿಂದ ಯಾವ ಗೂಟಕ್ಕೆ ಕಟ್ಟಿತ್ತು, ಮಗುಚಲು ಎದ್ದಾಗ ಅವ್ವ ದೀಪ ಹಚ್ಚುತ್ತಿದ್ದರಾ ಅಥವಾ ಒಲೆಯ ಕೆಂಡದ ಬೆಳಕೇ ಸಾಕಾಗುತ್ತಿತ್ತಾ, ಅದನ್ನೂ ಬರೆಯಿರಿ.

— ಸಂಪಾದಕ