ಸೋತ ರೈಲಿನ ಬೋಲ್ಟು ಎಣಿಸುವವರ ಪರವಾಗಿ

ಹರಿಹರದ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ಬರೆದ ಪತ್ರದ ಸಾರ ಇದು: "ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ವಾಲುವ ರೈಲಿನ ಬಗ್ಗೆ ಐದು ಪುಟ ಕೊಟ್ಟಿದ್ದೀರಿ. ನಾಲ್ಕು ದಿನ ಓಡಿ, ಹತ್ತಿದವರಿಗೆಲ್ಲ ಹೊಟ್ಟೆ ತೊಳಸುವಂತೆ ಮಾಡಿ ನಿಂತುಹೋದ ಗಾಡಿ ಅದು. ಗುಜರಿಗೆ ಹೋಗಬೇಕಾದ್ದನ್ನು ಶೆಡ್ಡಿನಲ್ಲಿಟ್ಟುಕೊಂಡು, ವಯಸ್ಸಾದ ಎಂಜಿನಿಯರುಗಳು ಅದರ ಬೋಲ್ಟು ಎಣಿಸುತ್ತ, ಬಣ್ಣ ಯಾವುದಿತ್ತೆಂದು ವಾದಿಸುತ್ತ ಕೂತಿದ್ದಾರಂತೆ. ಗೆದ್ದ ತಂತ್ರಜ್ಞಾನ ಹೇಗೂ ಇವತ್ತು ಹಳಿಯ ಮೇಲೆ ಓಡುತ್ತಿದೆ. ಸೋತದ್ದರ ವಿವರ ಯಾರಿಗೆ ಬೇಕು? ಆ ಪುಟಗಳಲ್ಲಿ ನಮ್ಮೂರ ಪ್ಯಾಸೆಂಜರ್ ಗಾಡಿಗಳ ಪಾಡು ಬರೆಯಬಹುದಿತ್ತು."

ಮೇಷ್ಟ್ರೇ,

ಪತ್ರ ಬಿಚ್ಚುಮನಸ್ಸಿನಿಂದ ಬರೆದಿದ್ದೀರಿ, ಸಂತೋಷ. ಒಂದು ಮಾತು ಮೊದಲೇ ಒಪ್ಪಿಬಿಡುತ್ತೇನೆ. ರೈಲು ಎನ್ನುವುದು ಬೀರುವಿನಲ್ಲಿಡುವ ವಸ್ತುವಲ್ಲ. ಅದಕ್ಕೆ ಹಳಿ ಬೇಕು, ಮೇಲೆ ಸೂರು ಬೇಕು, ತುಕ್ಕು ಹಿಡಿಯದಂತೆ ವರ್ಷವರ್ಷವೂ ದುಡ್ಡು ಬೇಕು. ಓಡಿದ್ದನ್ನೆಲ್ಲ ಉಳಿಸಿಕೊಳ್ಳಲು ಯಾವ ದೇಶದ ಕೈಯಲ್ಲೂ ಆಗದು. ಆದರೆ ಅದರಾಚೆ ನೀವು ಬರೆದ ಯಾವುದನ್ನೂ ಒಪ್ಪಲು ನನಗೆ ಸಾಧ್ಯವಾಗುತ್ತಿಲ್ಲ.

ಮೊದಲಿಗೆ, ನೀವು ಎರಡು ರೈಲುಗಳನ್ನು ಒಂದು ಮಾಡಿದ್ದೀರಿ. ಶಿಲ್ಡನ್ ಊರಿನ ಮ್ಯೂಸಿಯಂ ಶೆಡ್ಡಿನಲ್ಲಿರುವುದು ಎಪಿಟಿ-ಇ (ಎಪಿಟಿ ಎಂದರೆ 'ಅಡ್ವಾನ್ಸ್‌ಡ್ ಪ್ಯಾಸೆಂಜರ್ ಟ್ರೇನ್'). ನಾಲ್ಕೇ ಬೋಗಿಯ, ಗ್ಯಾಸ್ ಟರ್ಬೈನಿನಿಂದ ಓಡುತ್ತಿದ್ದ, ಶುದ್ಧ ಪ್ರಯೋಗದ ಗಾಡಿ ಅದು. ಟಿಕೆಟ್ ಕೊಂಡ ಪ್ರಯಾಣಿಕ ಒಬ್ಬನೂ ಅದನ್ನು ಹತ್ತಿದವನಲ್ಲ. ಹೊಟ್ಟೆ ತೊಳಸಿದ ಕಥೆ ಅದರ ನಂತರ ಬಂದ ಎಪಿಟಿ-ಪಿ ಎಂಬ ವಿದ್ಯುತ್ ರೈಲಿನದು. ಆ ಎರಡನೆಯದರ ಕೆಲವು ಬೋಗಿಗಳು ಮಾತ್ರ ಈಗ ಕ್ರೂ ಊರಿನ ಹೆರಿಟೇಜ್ ಸೆಂಟರಿನಲ್ಲಿ ಉಳಿದಿವೆ. ಪಕ್ಕದ ಮೇನ್ ಲೈನಿನಲ್ಲಿ ಪೆಂಡೊಲಿನೊ ಎಂಬ ಇಂದಿನ ವಾಲುವ ರೈಲುಗಳು ದಿನವೂ ಅದರೆದುರೇ ಹಾದುಹೋಗುತ್ತವೆ. ಇಂಥ ವ್ಯತ್ಯಾಸಗಳನ್ನು ತಿದ್ದಿ ಹೇಳಬಲ್ಲವರು ಯಾರು ಗೊತ್ತೆ? ನೀವು ಬೇಸರಪಟ್ಟುಕೊಂಡ ಆ ಬೋಲ್ಟು ಎಣಿಸುವವರೇ.

ನೀವು ಜೀವಮಾನವಿಡೀ ಉತ್ತರ ಪತ್ರಿಕೆ ತಿದ್ದಿದವರು. ಲೆಕ್ಕದ ಕೊನೆಯ ಉತ್ತರ ತಪ್ಪಿದ್ದರೆ ಹುಡುಗನಿಗೆ ಸೊನ್ನೆ ಕೊಡುತ್ತಿದ್ದಿರಾ? ಹಂತಗಳನ್ನು ನೋಡುತ್ತಿದ್ದಿರಿ, ಎಲ್ಲಿಯವರೆಗೆ ಸರಿ ಬಂದಿದ್ದಾನೆ, ಯಾವ ಸಾಲಿನಲ್ಲಿ ಜಾರಿದ ಎಂದು ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದಿರಿ. ರೈಲಿಗೂ ಅಷ್ಟು ನ್ಯಾಯ ಕೊಡಿ ಎಂದಷ್ಟೇ ನನ್ನ ಕೋರಿಕೆ.

ಹಂತಗಳನ್ನು ನೋಡೋಣ. ಬ್ರಿಟನ್ನಿನ ಮುಖ್ಯ ಮಾರ್ಗಗಳು ಹತ್ತೊಂಬತ್ತನೇ ಶತಮಾನದಲ್ಲಿ ಗುಡ್ಡ, ನದಿ ಬಳಸಿಕೊಂಡು ಹಾಕಿದವು, ತಿರುವುಗಳಿಂದ ತುಂಬಿದವು. ಜಪಾನಿನಂತೆ ವೇಗದ ರೈಲಿಗೆಂದೇ ನೇರ ಮಾರ್ಗ ಹಾಕಲು ದುಡ್ಡಿರಲಿಲ್ಲ. ತಿರುವಿನಲ್ಲಿ ವೇಗ ಹೆಚ್ಚಿಸಿದರೆ ಗಾಡಿ ಉರುಳುವುದಕ್ಕೆ ಎಷ್ಟೋ ಮೊದಲೇ ಒಳಗಿನವರ ಕಾಫಿ ಲೋಟ ಉರುಳುತ್ತದೆ. ಹಾಗಾದರೆ ಬೋಗಿಯನ್ನೇ ತಿರುವಿನ ಒಳಬದಿಗೆ ವಾಲಿಸಿದರೆ? ಡರ್ಬಿ ಊರಿನಲ್ಲಿದ್ದ ಬ್ರಿಟಿಷ್ ರೈಲ್ವೆಯ ಸಂಶೋಧನಾ ವಿಭಾಗ ಅರವತ್ತರ ದಶಕದಲ್ಲಿ ಈ ಪ್ರಶ್ನೆ ಹಿಡಿಯಿತು. ಅಲ್ಲಿದ್ದ ಅಲನ್ ವಿಕನ್ಸ್ ರೈಲ್ವೆಯಲ್ಲಿ ಬೆಳೆದವರಲ್ಲ, ವಿಮಾನ ಮತ್ತು ಕ್ಷಿಪಣಿಗಳ ಲೋಕದಿಂದ ಬಂದವರು. ವೇಗ ಏರಿದಂತೆ ಚಕ್ರದ ಜೋಡಿ ಹಳಿಯ ಮೇಲೆ ಎಡಕ್ಕೂ ಬಲಕ್ಕೂ ಓಲಾಡುವುದು ಏಕೆ ಎಂಬುದನ್ನು ಅವರು ಗಣಿತದಿಂದ ಬಿಡಿಸಿದರು. ತಿರುವಿನಲ್ಲಿ ಹುಟ್ಟುವ ಪಕ್ಕದೆಳೆತವನ್ನು ಸೆನ್ಸರ್ ಅಳೆಯುವುದು, ಹೈಡ್ರಾಲಿಕ್ ಜ್ಯಾಕುಗಳು ಬೋಗಿಯನ್ನು 9 ಡಿಗ್ರಿಯವರೆಗೆ ವಾಲಿಸುವುದು, ಇದು ಯೋಜನೆ.

ಎಪಿಟಿ-ಇ ಮುಖ್ಯ ಮಾರ್ಗಕ್ಕೆ ಇಳಿದದ್ದು 1972ರ ಜುಲೈ 25ರಂದು. ಚಾಲಕರ ಕೋಣೆಯಲ್ಲಿ ನಡುಮಧ್ಯೆ ಇದ್ದದ್ದು ಒಂದೇ ಆಸನ. ಇಬ್ಬರು ಕೂರುವ ಪದ್ಧತಿ ಏನಾಯಿತು ಎಂದು ಚಾಲಕರ ಸಂಘ ಬಹಿಷ್ಕಾರ ಹಾಕಿತು. ಪರೀಕ್ಷೆ ಮತ್ತೆ ಶುರುವಾದದ್ದು ಮರುವರ್ಷದ ಆಗಸ್ಟಿನಲ್ಲಿ. ನಕ್ಷೆ ನೋಡುವವನಿಗೆ ಅದು ಬರೀ ಕುರ್ಚಿ. ಯೋಜನೆಗೆ ಅದರಿಂದ ಒಂದು ವರ್ಷ ನಷ್ಟವಾಯಿತು. ಆಸನ ಎಷ್ಟಿದ್ದವು, ಎಲ್ಲಿದ್ದವು ಎಂದು ಹಟ ಹಿಡಿದು ಹುಡುಕುವವನನ್ನು ನಾನು ಹೇಗೆ ನಗೆಯಾಡಲಿ, ಮೇಷ್ಟ್ರೇ? 1975ರ ಆಗಸ್ಟ್ 10ರಂದು ಇದೇ ಗಾಡಿ ಸ್ವಿಂಡನ್ ಮತ್ತು ರೆಡಿಂಗ್ ನಡುವೆ ಗಂಟೆಗೆ 245 ಕಿ.ಮೀ. ಮುಟ್ಟಿತು. ಮರುವರ್ಷದ ಜೂನಿನಲ್ಲಿ ತನ್ನದೇ ಬಲದಿಂದ ಯಾರ್ಕ್ ಮ್ಯೂಸಿಯಮ್ಮಿಗೆ ಓಡಿತು. ಅದೇ ಕೊನೆಯ ಓಟ.

ಇನ್ನು ನಿಮ್ಮ 'ನಾಲ್ಕು ದಿನ'ದ ಮಾತು. 1981ರ ಡಿಸೆಂಬರ್ 7ರಂದು ಎಪಿಟಿ-ಪಿ ಗ್ಲಾಸ್ಗೋದಿಂದ ಲಂಡನ್ನಿಗೆ ಸುಮಾರು ನಾಲ್ಕೂಕಾಲು ಗಂಟೆಯಲ್ಲಿ ಬಂತು. ಆ ವಾರವೇ ಹಿಮ ಬಿತ್ತು, ಬ್ರೇಕಿನ ಗಾಳಿ ಕೊಳವೆಗಳಲ್ಲಿದ್ದ ತೇವ ಹೆಪ್ಪುಗಟ್ಟಿತು, ವಾಲುವ ಯಂತ್ರ ಕೈಕೊಟ್ಟಿತು. ಪತ್ರಕರ್ತರು ಹೊಟ್ಟೆ ಹಿಡಿದುಕೊಂಡು ಇಳಿದು ವರದಿ ಬರೆದರು. ರೈಲನ್ನು ಹಿಂದಕ್ಕೆ ಕರೆಸಿಕೊಂಡರು. ಜಗತ್ತು ನೆನಪಿಟ್ಟುಕೊಂಡದ್ದು ಇಷ್ಟನ್ನೇ.

ಆದರೆ ತೊಳಸಿದ್ದು ಏಕೆ? ರೈಲು ಕೆಟ್ಟದಾಗಿ ವಾಲಿದ್ದಕ್ಕಷ್ಟೇ ಅಲ್ಲ, ತೀರ ಚೆನ್ನಾಗಿ ವಾಲಿದ್ದಕ್ಕೂ ಹೌದು. ತಿರುವಿನ ಪಕ್ಕದೆಳೆತವನ್ನು ಅದು ಪೂರ್ತಿ ಅಳಿಸಿಹಾಕುತ್ತಿತ್ತು. ಕಿಟಕಿಯಾಚೆ ಭೂಮಿ ಓರೆಯಾಗುವುದನ್ನು ಕಣ್ಣು ನೋಡುತ್ತದೆ, ಕಿವಿಯೊಳಗಿನ ಸಮತೋಲದ ಅಂಗ 'ಏನೂ ಆಗಿಲ್ಲ' ಎನ್ನುತ್ತದೆ. ಕಣ್ಣು ಕಿವಿ ಎರಡು ಮಾತಾಡಿದರೆ ಹೊಟ್ಟೆ ಕೆಡುತ್ತದೆ. ಪರಿಹಾರ, ಸ್ವಲ್ಪ ಕಡಿಮೆ ವಾಲಿಸಿ ತಿರುವಿನ ಎಳೆತವನ್ನು ಪ್ರಯಾಣಿಕನಿಗೆ ಒಂದಿಷ್ಟು ಉಳಿಸುವುದು. ಇವತ್ತು ಜನ ಆರಾಮಾಗಿ ಕೂತು ಹೋಗುವ ವಾಲುವ ರೈಲುಗಳು ಮಾಡುವುದು ಅದನ್ನೇ. ಎಪಿಟಿಯ ಪೇಟೆಂಟುಗಳು 1982ರಲ್ಲಿ ಇಟಲಿಯ ಫಿಯಟ್ ಪಾಲಾದವು. ಪೆಂಡೊಲಿನೊ ಫಿಯಟ್ ಸ್ವತಃ ಬೆಳೆಸುತ್ತಿದ್ದ ಕೂಸು ನಿಜ, ಆದರೆ ಡರ್ಬಿಯ ಪಾಠವೂ ಅದರಲ್ಲಿ ಸೇರಿದೆ. ಜಪಾನಿನಲ್ಲೂ 1973ರ 381 ಸರಣಿಯ ರೈಲು ಲೋಲಕದಂತೆ ತಾನಾಗಿ ವಾಲುತ್ತಿತ್ತು, ತಡವಾಗಿ ವಾಲುತ್ತಿತ್ತು, ಅಲ್ಲೂ ವಾಂತಿಯ ದೂರುಗಳಿದ್ದವು. ಮಾರ್ಗದ ತಿರುವುಗಳನ್ನು ಮೊದಲೇ ನೆನಪಿನಲ್ಲಿಟ್ಟುಕೊಂಡು ಹೊತ್ತಿಗೆ ಸರಿಯಾಗಿ ವಾಲುವ ರೈಲು ಶಿಕೊಕು ದ್ವೀಪದಲ್ಲಿ 1989ರಲ್ಲಿ ಬಂತು. ಗೆದ್ದದ್ದು ಎಂದು ನೀವು ಹೇಳುವುದೆಲ್ಲ ಸೋತದ್ದರ ವಿವರ ಓದಿಕೊಂಡೇ ಗೆದ್ದದ್ದು.

'ಮ್ಯೂಸಿಯಮ್ಮಿನಲ್ಲಿ ಗಾಡಿ ನಿಂತಿದೆಯಲ್ಲ, ಮತ್ತೇಕೆ ಸಂಶೋಧನೆ' ಎಂದು ಕೇಳುವವರೂ ಇದ್ದಾರೆ. ಎಪಿಟಿಯ ಬ್ರೇಕು ನೋಡಿ. 250 ಕಿ.ಮೀ. ವೇಗದ ಗಾಡಿ ಹಳೆಯ ಸಿಗ್ನಲ್‌ಗಳ ನಡುವಿನ ದೂರದಲ್ಲೇ ನಿಲ್ಲಬೇಕಿತ್ತು. ಅದಕ್ಕಾಗಿ ಆಕ್ಸಲನ್ನು ಟೊಳ್ಳು ಮಾಡಿ ಒಳಗೆ ಟರ್ಬೈನಿನ ಎಲೆಗಳನ್ನಿಟ್ಟರು, ನೀರು ಮತ್ತು ಗ್ಲೈಕಾಲ್ ಬೆರೆಸಿದ ದ್ರವ ನುಗ್ಗಿಸಿದರು. ದ್ರವ ಕಡೆಯುತ್ತ ವೇಗವನ್ನು ನುಂಗುತ್ತಿತ್ತು, ಹುಟ್ಟಿದ ಬಿಸಿಯನ್ನು ಹೊತ್ತೊಯ್ಯುತ್ತಿತ್ತು. ರೈಲಿನ ಎದುರು ಗಂಟೆಗಟ್ಟಲೆ ನಿಂತರೂ ಇದರ ಒಂದಂಶವೂ ಕಣ್ಣಿಗೆ ಬೀಳದು. ನಕ್ಷೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಪಿಟಿ-ಪಿಯಲ್ಲಿ ಎಂಜಿನ್ ಬೋಗಿಗಳೆರಡೂ ರೈಲಿನ ನಟ್ಟನಡುವೆ ಇದ್ದವು, ಪ್ರಯಾಣಿಕರು ಈ ತುದಿಯಿಂದ ಆ ತುದಿಗೆ ನಡೆದುಹೋಗುವಂತಿರಲಿಲ್ಲ. ಎಂಥ ಪೆದ್ದು ವಿನ್ಯಾಸ ಎನಿಸುತ್ತದೆ. ಕಾರಣ ಮೇಲಿನ ತಂತಿಯಲ್ಲಿದೆ: ಮುಂದೊಂದು ಹಿಂದೊಂದು ಪ್ಯಾಂಟೋಗ್ರಾಫ್ (ತಂತಿಯಿಂದ ವಿದ್ಯುತ್ ಪಡೆಯುವ ಸೂರಿನ ಮೇಲಿನ ತೋಳು) ಇಟ್ಟರೆ ಮೊದಲನೆಯದು ತಂತಿಯಲ್ಲಿ ಎಬ್ಬಿಸಿದ ಅಲೆಗೆ ಸಿಕ್ಕಿ ಎರಡನೆಯದು ಹಿಡಿತ ಕಳೆದುಕೊಳ್ಳುತ್ತದೆ. ವಾಲುವ ಬೋಗಿಗಳ ಸೂರಿನುದ್ದಕ್ಕೂ 25,000 ವೋಲ್ಟಿನ ತಂತಿ ಎಳೆಯುವ ಧೈರ್ಯ ಆಗ ಇರಲಿಲ್ಲ. ಈ ಕಾರಣ ಬರೆದಿಟ್ಟವರು ಇರದಿದ್ದರೆ ಆ ಎಂಜಿನಿಯರುಗಳನ್ನು ನಾವು ದಡ್ಡರೆಂದೇ ತಿಳಿಯುತ್ತಿದ್ದೆವು.

ಬೋಲ್ಟಿನ ವಿಷಯಕ್ಕೂ ಬರುತ್ತೇನೆ. 1980ರ ಏಪ್ರಿಲ್‌ನಲ್ಲಿ ಕಾರ್ನ್‌ಫರ್ತ್ ಹತ್ತಿರ, ಗಂಟೆಗೆ 200 ಕಿ.ಮೀ. ವೇಗದಲ್ಲಿ ಎಪಿಟಿ-ಪಿ ಹಳಿ ತಪ್ಪಿತು. ದೋಷ ಸಿಕ್ಕಿದ್ದು ಆಕ್ಸಲಿನ ಬೋಲ್ಟುಗಳ ಜೋಡಣೆಯಲ್ಲಿ. ಬೋಲ್ಟು ಎಣಿಸುವುದನ್ನು ಹಗುರವಾಗಿ ಕಾಣಬೇಡಿ.

ಒಂದೂ ಉಳಿಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಟರ್ಬೊಟ್ರೇನ್ ಇದೆ. ವಿಮಾನ ತಯಾರಕರು ಕಟ್ಟಿದ, ಲೋಲಕದಂತೆ ತಾನಾಗಿ ವಾಲುವ ರೈಲು. ಮಾಂಟ್ರಿಯಲ್ ಮತ್ತು ಟೊರೊಂಟೊ ನಡುವೆ 1968ರಿಂದ ಓಡಿತು, ಪರೀಕ್ಷೆಯಲ್ಲಿ 270 ಕಿ.ಮೀ. ದಾಟಿತ್ತು. ಎಲ್ಲವನ್ನೂ ಒಡೆದು ಮಾರಿದರು. ಈಗ ಅದರ ಬಗ್ಗೆ ತಿಳಿಯಬೇಕೆನ್ನುವವರಿಗೆ ಫೋಟೊ, ಹಳೆಯ ಕೈಪಿಡಿ, ಓಡಿಸಿದವರ ನೆನಪು, ಇವೇ ಗತಿ. ಶಿಲ್ಡನ್ನಿನಲ್ಲಿ ಹಾಗಾಗಲಿಲ್ಲ. ಎಪಿಟಿ-ಇ ಮೇಲೆ ದುಡಿದವರಲ್ಲೇ ಕೆಲವರು ಸ್ವಯಂಸೇವಕರಾಗಿ ಅದರ ಬಳಿಗೆ ಮರಳಿ ಬಂದರು. ಯಾವ ತಂತಿ ಎಲ್ಲಿಗೆ, ಯಾವ ಮೀಟರು ಏನನ್ನು ಅಳೆಯುತ್ತಿತ್ತು ಎಂದು ಹೇಳಬಲ್ಲವರು ಅವರೇ, ಅವರ ವಯಸ್ಸು ಯಾರಿಗೂ ಕಾಯುವುದಿಲ್ಲ. ಅವರು ಬಣ್ಣದ ಬಗ್ಗೆ ವಾದಿಸಲಿ ಬಿಡಿ, ವಾದಿಸುವಷ್ಟು ಬಲ್ಲವರು ಅವರು. ನನಗೆ ಅವರ ಮೇಲೆ ತುಂಬು ಗೌರವವಿದೆ.

ನಮ್ಮ ಮಾತೇನು? ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಅಂಗಳದಲ್ಲಿ ಮಾರುತ್ ಯುದ್ಧವಿಮಾನ ನಿಂತಿದೆ. ನಮ್ಮದೇ ಊರಿನಲ್ಲಿ ಜರ್ಮನ್ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ್ದು. ಅದರ ಮೈಕಟ್ಟಿಗೆ ತಕ್ಕ ಎಂಜಿನ್ ಕೊನೆಗೂ ದಕ್ಕಲಿಲ್ಲ. ಮಕ್ಕಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಚೆಂದವೇ. ಎಂಜಿನಿಗಾಗಿ ಎಲ್ಲೆಲ್ಲಿ ಅಲೆದರು, ಯಾವ ಪರೀಕ್ಷೆ ಎಲ್ಲಿ ಕೈಕೊಟ್ಟಿತು ಎನ್ನುವುದಲ್ಲವೇ ಎಂಜಿನಿಯರಿಂಗ್ ಓದುವ ಹುಡುಗಿಗೆ ಬೇಕಾದ ಪಾಠ? 2016ರಲ್ಲಿ ಸ್ಪೇನಿನ ಟಾಲ್ಗೊ ನಮ್ಮ ಹಳಿಗಳ ಮೇಲೂ ಓಡಿತು, ಮಥುರಾ ಮತ್ತು ಪಲ್ವಲ್ ನಡುವೆ ಗಂಟೆಗೆ 180 ಕಿ.ಮೀ. ಮುಟ್ಟಿತು. ಅದೂ ತಾನಾಗಿ ವಾಲುವ ರೈಲೇ. ದೆಹಲಿ-ಮುಂಬೈಗೆ ಎಷ್ಟು ಗಂಟೆ ಉಳಿಯಿತು ಎಂದು ನಾವೆಲ್ಲ ಓದಿದೆವು. ತಿರುವುಗಳಲ್ಲಿ ಅದು ಹೇಗೆ ನಡೆದುಕೊಂಡಿತು ಎಂಬುದು ಜನರ ಚರ್ಚೆಗೆ ಬರಲೇ ಇಲ್ಲ.

ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ ಹಿರಿಯರೊಬ್ಬರು ನನಗೆ ಹೇಳಿದ್ದುಂಟು. ಹಿಂದೆ ನಕ್ಷೆಗಳನ್ನು ಗಂಜಿ ಹಾಕಿದ ನುಣುಪು ಟ್ರೇಸಿಂಗ್ ಬಟ್ಟೆಯ ಮೇಲೆ ಬರೆಯುತ್ತಿದ್ದರು. ಹಳೆಯ ವಿನ್ಯಾಸ ರದ್ದಾದಾಗ ಆ ಬಟ್ಟೆಯನ್ನು ಮನೆಗೊಯ್ದು ಬಿಸಿನೀರಿನಲ್ಲಿ ನೆನೆಸಿ ತೊಳೆದರೆ ಮೆತ್ತಗಿನ ಒಳ್ಳೆಯ ಬಟ್ಟೆ ಸಿಗುತ್ತಿತ್ತಂತೆ, ಮಕ್ಕಳಿಗೆ ಕರವಸ್ತ್ರ ಹೊಲಿಸುತ್ತಿದ್ದರಂತೆ. ಬಟ್ಟೆಗೆ ಬರವಿದ್ದ ಕಾಲ, ಒಯ್ದವರನ್ನು ದೂರಲಾರೆ. ಇದು ಹೋದರೆ ಏನು ಹೋಗುತ್ತದೆ ಎಂದು ಕೇಳುವ ಒಬ್ಬ ಅಧಿಕಾರಿಯೂ ಅಲ್ಲಿರಲಿಲ್ಲವಲ್ಲ ಎಂದು ಮಾತ್ರ ಈಗಲೂ ಹೊಟ್ಟೆ ಉರಿಯುತ್ತದೆ. ಕಬ್ಬಿಣವಾದರೂ ಉಳಿಯುತ್ತದೆ: ಮೈಸೂರಿನ ರೈಲ್ವೆ ಮ್ಯೂಸಿಯಂ 1979ರಿಂದ ಇದೆ, ಅಲ್ಲಿನ ಎಂಜಿನುಗಳನ್ನು ನಾವು ಪ್ರೀತಿಯಿಂದ ತೋರಿಸುತ್ತೇವೆ. ಕಾಗದವನ್ನು ತೂಕಕ್ಕೆ ಹಾಕುತ್ತೇವೆ.

ನಿಮ್ಮೂರ ಪ್ಯಾಸೆಂಜರ್ ಗಾಡಿಗಳ ಬಗ್ಗೆ ಖಂಡಿತ ಬರೆಸುತ್ತೇವೆ, ಆ ದೂರು ನ್ಯಾಯವಾದದ್ದು. ಅದಕ್ಕೆ ಪ್ರತಿಯಾಗಿ ನಿಮ್ಮಿಂದ ಒಂದು ಉಪಕಾರ ಆಗಬೇಕು. ನಿಮ್ಮ ಹಳೆಯ ಶಿಷ್ಯರಲ್ಲಿ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ ಸೇರಿದವರು ಇದ್ದೇ ಇರುತ್ತಾರೆ. ಅವರ ಮನೆಯ ಅಟ್ಟದಲ್ಲಿ ಹಳೆಯ ಡ್ರಾಯಿಂಗು, ಡ್ಯೂಟಿ ಡೈರಿ, ಕೈಬಿಟ್ಟ ಯಾವುದಾದರೂ ಪ್ರಯೋಗದ ಟಿಪ್ಪಣಿ ಇದ್ದರೆ ಗುಜರಿಯವನಿಗೆ ಕೊಡುವ ಮೊದಲು ನಮಗೊಂದು ಕಾರ್ಡು ಹಾಕಲು ಹೇಳಿ. ಕಾಗದ ಅವರಲ್ಲೇ ಇರಲಿ. ನಾವೇ ಬಂದು ಪುಟಪುಟವೂ ಫೋಟೊ ತೆಗೆದುಕೊಂಡು, ಯಾವ ಗೆರೆ ಏಕೆ ಬಂತು ಎಂದು ಅವರ ಬಾಯಲ್ಲೇ ಕೇಳಿ ಬರೆದುಕೊಳ್ಳುತ್ತೇವೆ.

— ಸಂಪಾದಕ